ಹಿಂದಕ್ಕೆ ಬಂತು

"ಗಾಡಿ ಹಿಂದಕ್ಕೆ ಬಂತಕ್ಕ, ಅಷ್ಟೇ,"
ಅಂದ ಓಬಳೇಶ, ಬೆಂಚಿನ ತುದಿಯಲ್ಲಿ
ಈಗಲೋ ಆಗಲೋ ಬೀಳುವವನ ಹಾಗೆ ಕೂತು.
ದುರ್ಗದ ಕೋರ್ಟಿನೆದುರು ತಗಡಿನ ನೆರಳು, ನನ್ನ ಕಂಪ್ಯೂಟರು.
ಪುಟಕ್ಕೆ ಮೂವತ್ತು, ಇಂಗ್ಲಿಷಾದರೆ ನಲವತ್ತು.
ಇನ್ಶೂರೆನ್ಸಿನವರಿಗೆ ಇಂಗ್ಲಿಷೇ ಆಗಬೇಕಂತೆ.

ಮೇದೇಹಳ್ಳಿ ರೋಡಿನ ಏರಿನಲ್ಲಿ
ಮೆಕ್ಕೆಜೋಳ ತುಂಬಿದ ಲಾರಿ
ಹನ್ನೆರಡಡಿ ಹಿಂದೆ ಬಂದು
ಮಕ್ಬೂಲ್ ಸಾಬರ ಕಬ್ಬಿನಹಾಲಿನ ಗಾಡಿಗೆ ಒರಗಿದೆ.
ಗಾಲಿ ಬಗ್ಗಿದೆ. ನಿಂಬೆಹಣ್ಣು ಚರಂಡಿ ಸೇರಿವೆ.
ಮನುಷ್ಯರಿಗೆ ಏನೂ ಆಗಿಲ್ಲ, ಪುಣ್ಯ.

'ದಿ ಲಾರಿ' ಅಂತ ಹೊಡೆದೆ.
ಅಲ್ಲಿಗೆ ಬೆರಳು ನಿಂತವು.

ರಿವರ್ಸ್ಡ್ ಅಂದರೆ ಗೇರು ಹಾಕಿದವನು ಇವನು,
ಕನ್ನಡಿ ನೋಡದವನೂ ಇವನೇ.
ರೋಲ್ಡ್ ಬ್ಯಾಕ್ ಅಂದರೆ ತಪ್ಪು ಇಳಿಜಾರಿನದು,
ಓನರು ಬದಲಿಸದೆ ಬಿಟ್ಟ ಬ್ರೇಕ್ ಲೈನರಿನದು.
ಬ್ಯಾಕ್ಡ್ ಅಂದರೆ ಹೇಗೂ ಆದೀತು,
ಹೇಗೂ ಆಗುವ ಮಾತಿಗೆ ಆ ಆಫೀಸಿನಲ್ಲಿ ದುಡ್ಡು ಹುಟ್ಟುವುದಿಲ್ಲ.
ರಿಟ್ರೀಟೆಡ್ ಸೋತ ದಂಡಿನ ಮಾತು,
ಅಗೋ ಆ ಕೋಟೆ ಏರಲಾರದೆ ಇಳಿದು ಹೋದವರಿಗೇ ಇರಲಿ.
ರಿಸೀಡೆಡ್ ಕೆರೆಯ ನೀರಿಗೆ, ನಮ್ಮೆಜಮಾನರ ಹಣೆಯ ಕೂದಲಿಗೆ.
ವಿತ್‌ಡ್ರೂ? ಅದು ಕೇಸಿಗೆ.
ವಾರಕ್ಕೆ ನಾಲ್ಕಾದರೂ ಹೊಡೆಯುತ್ತೇನೆ,
ಗಂಡ ಹೆಂಡತಿ ರಾಜಿಯಾದಾಗ,
ಇಲ್ಲಾ, ಇಬ್ಬರೂ ದಣಿದಾಗ.

"ಗೇರು ಯಾವುದರಲ್ಲಿತ್ತಪ್ಪ?"
ಓಬಳೇಶ ತನ್ನ ಎಡಗೈ ನೋಡಿಕೊಂಡ,
ಅದನ್ನೇ ವಿಚಾರಿಸುವ ಹಾಗೆ.
ಹಿಂಜರಿದ.
ಇದಕ್ಕೆ ನಮ್ಮಲ್ಲಿ ಒಳ್ಳೇ ಪದವಿದೆ,
ಹಿಂದೆ ಹೋಗುವುದಕ್ಕೆ ಗಾಲಿಯೇ ಬೇಡದ ಪದ.

"ಕ್ಲೀನರ್ ಹುಡುಗ ಬರ್ಲಿ ಬರ್ಲಿ ಅಂತಿದ್ದ,"
ಅಂದ ಕೊನೆಗೆ. ಆಮೇಲೆ,
"ಅಂತಿದ್ದನೋ, ನಂಗೇ ಹಂಗ್ ಕೇಳಿಸ್ತೋ."

ನಲವತ್ತೇಳು ವರ್ಷ ಈ ಭಾಷೆಯಲ್ಲೇ ಉಸಿರಾಡಿದ್ದೇನೆ,
ಇವತ್ತು ಹೊಳೆಯಿತು ನೋಡಿ.
ಹಿಂದೆ ಹೋಗುವ ಗಾಡಿಗೆ ನಾವು 'ಹೋಗ್ಲಿ' ಅನ್ನುವುದಿಲ್ಲ,
ಬರ್ಲಿ, ಇನ್ನೊಂಚೂರು ಬರ್ಲಿ ಅನ್ನುತ್ತೇವೆ.
ಗಾಡಿಯ ಬೆನ್ನ ಹಿಂದೆ ನಿಂತವರ ಮಾತು ಅದು.
ಇವನು ಕೂತಿದ್ದದ್ದು ಸ್ಟೀರಿಂಗಿನ ಮುಂದೆ,
ಬಾಯಿ ಬಿಟ್ಟರೆ 'ಬಂತು' ಅನ್ನುತ್ತಾನೆ,
ಕಬ್ಬಿನ ಗಾಡಿಯ ಪಕ್ಕ ಗ್ಲಾಸು ಹಿಡಿದು ನಿಂತವನ ಹಾಗೆ.

ನಿನ್ನೆ ಇದೇ ಬೆಂಚು. ಮಕ್ಬೂಲ್ ಸಾಬರು.
"ಗಾಡಿ ಹಿಂದಕ್ಕೆ ಬಂತಮ್ಮ, ಅಷ್ಟೇ."
ಅದೇ ಮಾತು, ಆ 'ಅಷ್ಟೇ' ಸಮೇತ.
ಟೀ ಬಂದಿತ್ತು, ಆರುತ್ತಿತ್ತು,
ಯೋಚನೆ ಮಾಡದೆ ರಿವರ್ಸ್ಡ್ ಅಂತ ಹೊಡೆದು ಕಳಿಸಿದ್ದೆ.

ನಾನು ಕಲಿತ ಹಳೇ ಮೆಷೀನಿನಲ್ಲಿ
ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದು ಮನೆ ಹಿಂದೆ ಸರಿದು
ಟಕ್ ಅಂತ ನಿಲ್ಲುತ್ತಿತ್ತು. ಏನನ್ನೂ ಮುಟ್ಟುತ್ತಿರಲಿಲ್ಲ.
ಮೇಲೆ ಬೇರೆ ಅಕ್ಷರ ಹೊಡೆದರೂ
ಕೆಳಗಿನ ತಪ್ಪು ಇಣುಕಿ ನೋಡುತ್ತಿತ್ತು.
ಈ ಕಂಪ್ಯೂಟರು ಹಿಂದೆ ಹೋಗುತ್ತಾ ತಿನ್ನುತ್ತಾ ಹೋಗುತ್ತದೆ.

ರಿವರ್ಸ್ಡ್ ಹೊಡೆದೆ, ತಿಂದಿತು.
ರೋಲ್ಡ್ ಹೊಡೆದೆ, ಅದನ್ನೂ ತಿಂದಿತು.
ಕೊನೆಗೆ ಕೇಮ್ ಬ್ಯಾಕ್ ಅಂತ ಹೊಡೆದು ಬಿಟ್ಟೆ.
ಆಫೀಸರು ನಕ್ಕಾರು: ಎಲ್ಲಿಂದ ವಾಪಸ್ ಬಂತಮ್ಮ ಲಾರಿ,
ಸಂಜೆ ಕೊಟ್ಟಿಗೆಗೆ ಬರುವ ಎಮ್ಮೆಯ ಹಾಗೆ?
ನಗಲಿ.

"ಏನಂತ ಹೊಡೆದ್ರಕ್ಕ?"
"ನೀನು ಹೇಳಿದ್ದೇ."
ಸಹಿ ಹಾಕಿದ, ಕನ್ನಡದಲ್ಲಿ.
ಶ ಅಕ್ಷರದ ಬಾಲ ಚೌಕದಿಂದಾಚೆ ಹೋಯಿತು.
ನಲವತ್ತು ಕೊಟ್ಟ.
ಹತ್ತು ವಾಪಸ್ ಕೊಟ್ಟೆ,
ಯಾಕೆ ಅಂತ ಅವನೂ ಕೇಳಲಿಲ್ಲ.