ಸೀಮೆಸುಣ್ಣ

ಅಶೋತ್ಸ್ಕ್‌ನ ಹಾಲು ಗ್ಯೂಮ್ರಿಗೆ ಇಳಿಸುವ ನ್ವರ್ದಳ ಬಿಳಿ ಲಾಡಾ
ಗೇಟಿಗೆ ಬರುವ ಮೊದಲೇ ಕೇಳಿಸುತ್ತಿತ್ತು:
ಲಟಕ್.
ಕ್ಲಚ್ ಬಿಟ್ಟಾಗ ಒಂದು,
ರಿವರ್ಸಿಗೆ ಹಾಕಿದಾಗ ಇನ್ನೊಂದು.
ಡಿಕ್ಕಿಯಲ್ಲಿ ಕ್ಯಾನು ಉರುಳ್ತಿರಬೇಕು, ಅಂದೆ ನಾನು,
ಹದಿನಾರರ ಪಂಡಿತ.
ಅವಳು ಡಿಕ್ಕಿ ತೆರೆದಳು. ಒಂದು ಒದ್ದೆ ಗೋಣಿ, ಅಷ್ಟೇ.

ಸೆದ್ರಾಕ್ ಕಿವಿಗೊಡಲಿಲ್ಲ. ಅವನ ಎಡಗಿವಿ
ನೂಲಿನ ಗಿರಣಿಗೆ ಎಂದೋ ಸಂದಾಯವಾಗಿತ್ತು.
ಕೇಳಿದ್ದು ಇಷ್ಟೇ: ಯಾವಾಗ?
ಏರಿನಲ್ಲಾ, ಇಳಿಜಾರಿನಲ್ಲಾ?
ಪೆಡಲು ಒತ್ತಿದಾಗಲಾ, ಕಾಲೆತ್ತಿದಾಗಲಾ?
ಅವಳು ಯೋಚಿಸಿ ಹೇಳಿದಳು:
"ನಾನು ಮನಸ್ಸು ಬದಲಾಯಿಸಿದಾಗ."
ಆ ಚಳಿಗಾಲದಲ್ಲಿ ಅವನು ನಕ್ಕಿದ್ದು ಅದೊಂದೇ ಸಲ.

ಗುಂಡಿಯಲ್ಲಿ, ತೂಗುವ ಬಲ್ಬಿನ ಕೆಳಗೆ, ಪಾಠ.
ಗೇರು ನ್ಯೂಟ್ರಲ್. ಚಕ್ರಕ್ಕೆ ಕಲ್ಲು.
ಒಂದು ಕೈ ಕೀಲಿನ ಈಚೆ, ಇನ್ನೊಂದು ಆಚೆ,
ಒದ್ದೆ ಬಟ್ಟೆ ಹಿಂಡುವಂತೆ ಶಾಫ್ಟನ್ನು ತಿರುಚು.
ರಬ್ಬರಿನ ಕಪ್ಲಿಂಗು: ಬಿರುಕಿಲ್ಲ.
ನಡುವಿನ ಬೇರಿಂಗು: ಗೊಣಗುತ್ತೆ, ಸುಳ್ಳು ಹೇಳಲ್ಲ.
ಡಿಫರೆನ್ಷಿಯಲ್‌ಗೆ ಕೂದಲೆಳೆ ಸಡಿಲು ಹುಟ್ಟಿನಿಂದಲೇ ಇರುತ್ತೆ,
ಅದಕ್ಕೆ ಬೈಯಬೇಡ.
ಹಿಂದಿನ ಕ್ರಾಸಿಗೆ ಬಂದಾಗ
ನನ್ನ ಅಂಗೈಯೊಳಗೇ ಹುಟ್ಟಿತು ಸದ್ದು, ಸಣ್ಣದು,
ಹಾಲುಹಲ್ಲು ಅಲುಗಿದ ಹಾಗೆ.

ಟೋಪಿ ಬಿಚ್ಚಿದರೆ ಸೂಜಿಯಂಥ ಉರುಳೆಗಳು
ಗ್ರೀಸಿಲ್ಲದೆ ಅರೆದು ಅರೆದು
ಮೆಣಸಿನಪುಡಿ. ಕೆಂಪು.
ಮೂಗಿಗೂ ಹತ್ತಿತು.

ಹೊಸ ಕ್ರಾಸ್ ಕೂರಿಸಿ ನಾಲ್ಕು ಬೋಲ್ಟು ನಾನೇ ಬಿಗಿದೆ.
ಲಟಕ್ ಹೋಯಿತು.
ದುಡ್ಡಿನ ಮೇಲೆ ಒಂದು ಗಟ್ಟಿ ಚೀಸು ಇಟ್ಟು ಹೋದಳು.

ಮೂರನೇ ದಿನ ವಾಪಸು.
"ಬಡಿತ ಇಲ್ಲ. ಆದರೆ ಎಂಬತ್ತು ದಾಟಿದರೆ ಸೀಟೆಲ್ಲ ನಡುಗುತ್ತೆ,
ಹಾಲು ದಾರಿಯಲ್ಲೇ ಬೆಣ್ಣೆಯಾದೀತು."

ಬಿಚ್ಚುವ ಮುನ್ನ ಗುರುತು ಹಾಕಿರಲಿಲ್ಲ ನಾನು,
ಯಾವ ಮುಖ ಯಾವ ಮುಖವನ್ನು ನೋಡುತ್ತಿತ್ತು ಅಂತ.
ಇಪ್ಪತ್ತೆಂಟು ವರ್ಷ ಒಂದನ್ನೊಂದು ಹಿಡಿದು ತಿರುಗಿದ ಎರಡು ಕಬ್ಬಿಣ,
ಅರ್ಧ ಸುತ್ತು ತಪ್ಪಿಸಿ ಕೂರಿಸಿದ್ದೆ.

ಸೆದ್ರಾಕ್ ಬೈಯುತ್ತಾನೆಂದು ಕಾದೆ.
ಅವನು ಜೇಬು ತಡಕಿ, ತಂಬಾಕಿನ ಪುಡಿ ಊದಿ,
ಸೀಮೆಸುಣ್ಣದ ಒಂದು ತುಂಡನ್ನು
ಗುಂಡಿಯೊಳಗೆ ನನ್ನ ಕೈಗೆ ಇಳಿಬಿಟ್ಟ.
ಅವಳ ದುಡ್ಡು ವಾಪಸು ಕೊಟ್ಟ, ಪೂರ್ತಿ.
ಚೀಸು ಮಾತ್ರ
ಆಗಲೇ ತಿಂದಾಗಿತ್ತು.