ಮರಕಡದ ತಕ್ಕಡಿ

ಗುಜರಿ ಮಯ್ಯದ್ದಿಯ ತಕ್ಕಡಿ ಕಡಿಮೆ ತೋರಿಸ್ತದೆ ಅಂತ
ಊರಿಡೀ ದೂರು. ಇರಲಿ.
ಹಳೆ ಪೇಪರು, ಬಾಟ್ಲಿ, ಮುರಿದ ಕುರ್ಚಿ ತಂದವರು
ಮುಳ್ಳು ನೋಡುವುದಿಲ್ಲ,
ನನ್ನ ಕಾಲಿನ ಹೆಬ್ಬೆರಳು ಎಲ್ಲುಂಟು ನೋಡ್ತಾರೆ.
ಅದೇ ಜನ ಸಂಜೆ ಸೂಟ್‌ಕೇಸು ಎಳೆದುಕೊಂಡು ಬಂದು
"ಸ್ವಲ್ಪ ಕಡಿಮೆ ತೋರಿಸು ಮಾರಾಯ" ಅಂತಾರೆ.

ಇಲ್ಲಿಂದ ಮರವೂರು ಸಂಕ,
ಸಂಕ ದಾಟಿದರೆ ಗುಡ್ಡ, ಗುಡ್ಡದ ತಲೆಯಲ್ಲಿ ವಿಮಾನ.
ಅಲ್ಲಿನ ತಕ್ಕಡಿಗೆ ಹೆಬ್ಬೆರಳಿಲ್ಲ.
ಹದಿನೈದು ಅಂದರೆ ಹದಿನೈದು, ಕೈಯಲ್ಲಿ ಏಳು,
ಮೇಲಿನ ಕಿಲೋ ಒಂದಕ್ಕೆ ಅಂಜಲ್ ಮೀನಿನ ಕ್ರಯ.

ಐರಿನ್ ಬಾಯಿ ಮಗಳ ಬಾಣಂತನಕ್ಕೆ ಹೊರಟದ್ದು.
ಹತ್ತೊಂಬತ್ತೂವರೆ.
ಕುಚ್ಚಲಕ್ಕಿ ತೆಗೆದರು.
ಮಿಡಿ ಉಪ್ಪಿನಕಾಯಿಯ ಭರಣಿ ತೆಗೆದರು, ಪುನಃ ಇಟ್ಟರು,
ಬದಲಿಗೆ ತಮ್ಮ ಚಪ್ಪಲಿ ತೆಗೆದರು.
ಕಡೆಗೆ ಸೀರೆಯ ಮೇಲೆ ಗಂಡನ ಸ್ವೆಟರು,
ಅದರ ಮೇಲೆ ಮಳೆಕೋಟು, ಮೇ ತಿಂಗಳ ಸೆಕೆಗೆ.
"ಮೈಮೇಲೆ ಇದ್ದದ್ದಕ್ಕೆ ದುಡ್ಡಿಲ್ಲ ಅಲ್ವಾ?"
ಇಲ್ಲ ಬಾಯಿ, ಈವರೆಗೆ ಇಲ್ಲ.

ನಾನು ನಗಾಡ್ತಿದ್ದೆ.
ವಿಮಾನ ಅಂದರೆ ನನಗೆ ಅಲ್ಯೂಮಿನಿಯಂ,
ಕಿಲೋಗೆ ಇಷ್ಟು.

ಅತ್ತಿಗೆ ತೀರಿಕೊಂಡಾಗ ಬೊಂಬಾಯಿಗೆ ಬಸ್ಸಲ್ಲಿ ಹೋದವ ನಾನು.
ಹತ್ತೊಂಬತ್ತು ಗಂಟೆ, ದಾರಿಯಲ್ಲೊಂದು ಪಂಕ್ಚರು.
ತಲುಪುವಾಗ ಮಣ್ಣು ಮುಚ್ಚಿ ಆಗಿತ್ತು,
ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ.
ಅಣ್ಣ ಏನೂ ಹೇಳಲಿಲ್ಲ. ಚಾ ಕೊಟ್ಟ.

ಹೋದ ವರ್ಷ ಅಣ್ಣನ ಮಗನ ಫೋನು, ಮಧ್ಯಾಹ್ನ.
ಆರು ತಿಂಗಳ ಮೊದಲಾದರೆ ಬಸ್ಸಿನ ರೇಟು,
ಇವತ್ತಿಗಾದರೆ ನಾಲ್ಕು ಪಟ್ಟು ಅಂದ ಟಿಕೇಟಿನವ.
ಸಾಯುವವರು ಮೊದಲೇ ಬುಕ್ ಮಾಡುವುದಿಲ್ಲವಲ್ಲ.
ಎರಡು ಗೋಣಿ ತಾಮ್ರದ ವಯರು ಮಾರಿ ಹೊರಟೆ.
ನನ್ನ ಚೀಲ ಮೂರು ಕಿಲೋ. ಹನ್ನೆರಡು ಕಿಲೋ ಕಂಪೆನಿಗೆ ಲಾಭ.

ಮಧ್ಯದ ಸೀಟು. ಮೊಣಕಾಲು ಗಲ್ಲಕ್ಕೆ.
ಒಬ್ಬಳು ಹುಡುಗಿ ನಗುತ್ತಾ ನೀರು ಬೇಕಾ ಕೇಳಿದಳು,
ಒಳ್ಳೆಯ ಮನೆಯ ಮಗು ಅಂತ ಕೈಚಾಚಿದೆ,
ಎಪ್ಪತ್ತು ರೂಪಾಯಿ ಅಂದಳು.
ಖಾಲಿ ಬಾಟ್ಲಿ ಬಿಡಲಿಲ್ಲ ನಾನು, ಕಿಸೆಗೆ ಹಾಕಿದೆ.
ಮೇಲಿಂದ ಕಡಲು ಕಾಣ್ತದೆ ಅಂತ ಎಲ್ಲರೂ ಹೇಳಿದ್ದರು.
ನನಗೆ ಕಂಡದ್ದು ಎದುರು ಸೀಟಿನ ಬೆನ್ನು,
ಅದರಲ್ಲಿ ಉಪ್ಪಿಟ್ಟಿನ ಕ್ರಯ.

ಆದರೆ ಒಂದು ಗಂಟೆ ಇಪ್ಪತ್ತು ನಿಮಿಷ.
ಅಣ್ಣ ಕಣ್ಣು ಬಿಟ್ಟ. ಮೂಗಿನ ನಳಿಗೆಯ ಆಚೆಯಿಂದ
"ಬಸ್ಸಲ್ಲಿ ಬಂದೆಯಾ?" ಕೇಳಿದ.
ಹೌದು ಅಂದೆ, ದುಡ್ಡು ಹಾಳು ಮಾಡಿದೆ ಅಂತ ಬೈತಾನೆಂದು.
ನಂಬಿದ.
ಮೂರು ದಿನ ನಂಬಿಕೊಂಡೇ ಇದ್ದ.

ಬರುವಾಗ ವಿಮಾನ ಏಳು ಗಂಟೆ ತಡ.
ಚೀಲ ತಲೆಯಡಿಗೆ ಇಟ್ಟು ನೆಲದಲ್ಲಿ ಮಲಗಿದೆ.
ಕಂಪೆನಿಯವರು ಒಂದು ಬನ್ನು ಕೊಟ್ಟರು, ಪುಕ್ಕಟೆ.
ಬನ್ನು ತಿನ್ನುತ್ತಾ ಬ್ಯಾರಿಯಲ್ಲಿ ಬೈದೆ,
ಸಾಕಾಗದೆ ತುಳುವಿನಲ್ಲೂ.
ಪಕ್ಕದ ಹೆಂಗಸು ತುಳುವಿನವಳು. ನಕ್ಕಳು.

ಈಗಲೂ ಚೀಲ ತೂಗ್ತೇನೆ.
ಐರಿನ್ ಬಾಯಿಯ ಕುಚ್ಚಲಕ್ಕಿಗೆ ಹುಳ ಬಿದ್ದಿದೆ,
ಬಿಸಾಡಲು ಮನಸ್ಸಿಲ್ಲ.
ನಿನ್ನೆ ಒಬ್ಬ ಹುಡುಗ ಬಂದ. ಹದಿನೈದೂ ಮುಕ್ಕಾಲು.
ಎಲ್ಲಿಗೆ ಅಂದರೆ ಊರು ಹೇಳಲಿಲ್ಲ,
ಆಸ್ಪತ್ರೆಯ ಹೆಸರು ಹೇಳಿದ.
ಇನ್ನೊಮ್ಮೆ ಇಡು ಅಂದೆ.
ಹದಿನೈದು. ಸರಿ ಉಂಟು, ಹೋಗು.
ನನ್ನ ಕಾಲಿನ ಕಡೆಗೆ ಅವ ನೋಡಲಿಲ್ಲ.
ಮೇಲೆ ಕೂತ ಹುಡುಗಿ ಒಳ್ಳೆಯವಳಾದರೆ
ಮುಕ್ಕಾಲು ಕಿಲೋ ಬಿಡ್ತಾಳೆ.