ಮೀನಖಂಡ

ಕಳೆದ ಭಾನುವಾರ ಆಂಜೆಯಲ್ಲಿ ಹತ್ತು ಕಿಲೋಮೀಟರು, ನಾಲ್ಕನೆಯವಳು.
ಬರುವ ಭಾನುವಾರ ಲಾವಾಲ್‌ನಲ್ಲಿ ಅರ್ಧ ಮ್ಯಾರಥಾನು.
ನಡುವೆ ಇರುವುದು ಆರು ದಿನ, ಎರಡು ಕಾಲು,
ಒಂದು ನೀಲಿ ಬಕೆಟ್ಟು.

ಮಂಗಳವಾರ ಸಂಜೆ ಜೆರೋತಿಚ್ ಅದರೊಳಗೆ ನಿಂತಿದ್ದಾಳೆ,
ಮೊಣಕಾಲವರೆಗೂ ಐಸು.
ಮೀನಂಗಡಿಯ ಹೆಂಗಸು ಕದ ಹಾಕುವಾಗ ಕೊಟ್ಟದ್ದು,
ಅಲ್ಲೊಂದು ಇಲ್ಲೊಂದು ಹೊಳೆವ ಹುರುಪೆ.
ಎರಡು ರಾತ್ರಿ ದಡದಲ್ಲಿ ಒದ್ದಾಡಿದ ಮೀನಖಂಡ
ಈಗ ನೀರು ಕಂಡ ಮೀನು.

ಏಜೆಂಟನ ಫೋನು:
ನಾಳೆ ರಾತ್ರಿಯೂ ಒಂದಿದೆ, ಊರೊಳಗಿನ ಓಟ,
ಐದೇ ಕಿಲೋಮೀಟರು, ಗೆದ್ದರೆ ಮುನ್ನೂರು ಯೂರೋ.
ಐದೇ.
ಆ ‘ಏ’ ಓಡದವರ ಬಾಯಲ್ಲಷ್ಟೇ ಬರುತ್ತದೆ.
ಯೋಚಿಸಿ ಹೇಳುತ್ತೇನೆ ಅಂದಳು.

ಕೋಣೆಯ ಗೆಳತಿ ಚೆಬಿಚಿ ಹೋದ ತಿಂಗಳು ಹೂಂ ಅಂದಿದ್ದಳು.
ಗೆದ್ದಳು ಕೂಡ.
ಈಗ ಮೂರು ಮಹಡಿ ಮೆಟ್ಟಿಲನ್ನು
ಹಿಮ್ಮುಖವಾಗಿ ಇಳಿಯುತ್ತಾಳೆ, ಏಣಿ ಇಳಿವವರ ಹಾಗೆ,
ಕಂಬಿ ಹಿಡಿದು, ನಗುತ್ತಾ.

ಜೆರೋತಿಚ್‌ಗೆ ಓಡಲು ಯಾರೂ ಕಲಿಸಲಿಲ್ಲ.
ಮಲಗಲು ಕಲಿಸಿದ್ದು ಇಟೆನ್ನಿನ ಮುದಿ ಕೋಚು:
ಮಧ್ಯಾಹ್ನ ಎರಡಕ್ಕೆ ಪರದೆ ಎಳೆ,
ಹಸಿವಿಲ್ಲದಿದ್ದರೂ ಉಗಾಲಿ ತಿರುವು,
ಕಾಲು ಗೋಡೆಗೊರಗಿಸಿ ಸೂರು ನೋಡು,
ಆಮೇಲೆ ಏನೂ ಮಾಡಬೇಡ.
ಆ ಏನೂ ಮಾಡದಿರುವುದಕ್ಕೆ
ಅವಳಿಗೆ ಎರಡು ವರ್ಷ ಹಿಡಿಯಿತು.

ಕೆಳಗೆ ಬೀದಿಯಲ್ಲಿ ಯಾರೋ ಓಡುತ್ತಿದ್ದಾರೆ,
ಹಿಮ್ಮಡಿ ನೆಲಕ್ಕೆ ಬಡಿಯುತ್ತಾ, ತೀರಾ ಹೊಸಬರು.
ಅಷ್ಟಕ್ಕೇ ಬಕೆಟ್ಟಿನ ಮೀನು ಬಾಲ ಆಡಿಸುತ್ತದೆ.
ಐಸಿಗೆ ಕೈ ಇಳಿಬಿಟ್ಟು ಅದನ್ನು ಹಿಡಿದುಕೊಳ್ಳುತ್ತಾಳೆ.
ಸುಮ್ಮನಿರು ಅನ್ನುತ್ತಾಳೆ, ಅಮ್ಮ ಕರುವಿಗೆ ಅನ್ನುವ ಮಾತಲ್ಲಿ.

ಹಾಸಿಗೆಯ ಮೇಲೆ ಮತ್ತೆ ಮುನ್ನೂರು ಯೂರೋ.
ಕೂಗಿ ಕೂಗಿ
ತಾನಾಗಿ ನಿಲ್ಲುತ್ತದೆ.